ಉಸುಕಿನಲ್ಲಿ ದಮ್ಮಿಲ್ಲದ ಗಾಡಿ

ಆ ಬರಗಾಲದ ವರ್ಷ ಬೀದರಿನ ನಮ್ಮ ಓಣಿಗೆ ನಲ್ಲಿ ನೀರು ಹನ್ನೆರಡು ದಿನಕ್ಕೊಮ್ಮೆ ಬರತೊಡಗಿದಾಗ ಅವ್ವ ನನ್ನನ್ನು ಭಾಲ್ಕಿಗೆ ಕಳಿಸಿದಳು. ಮನೆಯಲ್ಲಿ ಒಬ್ಬರು ಕಡಿಮೆಯಾದರೆ ದಿನಕ್ಕೆ ಎರಡು ಕೊಡ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಭಾಲ್ಕಿಯಲ್ಲಿ ಅವಳ ತಮ್ಮ, ನನ್ನ ಮಾಮಾ, ಗ್ಯಾರೇಜು ನಡೆಸುತ್ತಿದ್ದ. ಗ್ಯಾರೇಜಿನ ಹಿಂದಿನ ಬೋರು ಇನ್ನೂ ಕೈಕೊಟ್ಟಿರಲಿಲ್ಲ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಏಳು ತಿಂಗಳಾಗಿತ್ತು. ಮೂರು ಕಡೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದೆ. ಕಾಯುವುದಕ್ಕೆ ಯಾವ ಊರಾದರೇನು ಎಂದುಕೊಂಡು ಬಸ್ಸು ಹತ್ತಿದೆ.

ಆದರೆ ಭಾಲ್ಕಿಯಲ್ಲಿ ಕಾಯುವುದು ಸುಲಭವಾಗಿರಲಿಲ್ಲ. ಮಾಮಾನ ಗ್ಯಾರೇಜು ಸ್ಟೇಷನ್ನಿಗೆ ಹೋಗುವ ರಸ್ತೆಯ ಮೇಲಿತ್ತು. ಬೆಳಿಗ್ಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರೆ ಖಟಕ ಚಿಂಚೋಳಿ ಕಡೆಯಿಂದ ಬಂದ ಟಂಟಂ ಆಟೋಗಳು ಜನರನ್ನು ಇಳಿಸಿ ಹೋಗುವುದು ಕಾಣುತ್ತಿತ್ತು. ತಲೆಯ ಮೇಲೆ ಗಂಟು, ಗಂಟಿನಿಂದ ಹೊರಚಾಚಿದ ಲಟ್ಟಣಿಗೆ, ಕಂಕುಳಲ್ಲಿ ಕೂಸು. ಪುಣೆ ಕಡೆಯ ರೈಲಿಗೆ ಒಂದು ಗುಂಪು, ಹೈದರಾಬಾದ್ ಕಡೆಯದಕ್ಕೆ ಇನ್ನೊಂದು. ಎಲ್ಲರೂ ಎಲ್ಲಿಗೋ ಹೊರಟಿದ್ದರು. ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಒಂದೇ ಪುಟವನ್ನು ಮೂರು ದಿನ ಓದಿದೆ. ನಾಲ್ಕನೆಯ ದಿನ ಪುಸ್ತಕ ಒಳಗಿಟ್ಟು ಗ್ಯಾರೇಜಿನಲ್ಲಿ ನಡೆಯುವುದನ್ನು ನೋಡತೊಡಗಿದೆ. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಮಾಮಾ ಆ ಸೀಮೆಯಲ್ಲಿ ಒಂದೇ ಕಾರಣಕ್ಕೆ ಹೆಸರಾಗಿದ್ದ: ಅವನ ಕೈಗೆ ಬಂದ ಎಂಜಿನ್ ಬೇಸಿಗೆಯಲ್ಲಿ ಗರಂ ಆಗುವುದಿಲ್ಲ. ಅದರ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಹೋಳಿ ಮುಗಿದ ಮೇಲೆ ಯಾವ ಗಾಡಿ ಬಂದರೂ ಮೊದಲು ಅದರ ಎಣ್ಣೆ ಇಳಿಸಿ ಟ್ರ್ಯಾಕ್ಟರಿಗೆ ಹಾಕುವ ದಪ್ಪ ಎಣ್ಣೆ ಹಾಕುತ್ತಿದ್ದ. ಅದರ ಜೊತೆ ಜೇನಿನಂತೆ ಎಳೆಯೆಳೆಯಾಗಿ ಇಳಿಯುವ ಇನ್ನೊಂದು ಔಷಧವನ್ನೂ ಬೆರೆಸುತ್ತಿದ್ದ. ಬಿಸಿಲಿಗೆ ತೆಳು ಎಣ್ಣೆ ನೀರಾಗುತ್ತದೆ, ನೀರಾದ ಎಣ್ಣೆ ಲೋಹವನ್ನು ಕಾಯುವುದಿಲ್ಲ ಎಂಬುದು ಅವನು ಕಲಿತ ವಿದ್ಯೆ. ಡೀಸೆಲ್ ಜೀಪು, ಟ್ರ್ಯಾಕ್ಟರು, ಟಂಟಂಗಳ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ. ಔರಾದಿನಿಂದಲೂ ಡ್ರೈವರುಗಳು ಆ ಎಣ್ಣೆಗಾಗಿಯೇ ಬರುತ್ತಿದ್ದರು.

ಆ ಮಾರ್ಚಿನಲ್ಲಿ ಮಾಮಾ ತನಗಾಗಿ ಒಂದು ಪೆಟ್ರೋಲ್ ಜೀಪು ತಂದ. ನಾಲ್ಕೂ ಚಕ್ರಗಳಿಗೆ ಎಳೆತವಿರುವ ಗಾಡಿ. ಹೈದರಾಬಾದಿನ ಒಬ್ಬರು ಭಾನುವಾರಗಳಂದು ಗೆಳೆಯರ ಜೊತೆ ಕಲ್ಲುಗುಡ್ಡ ಹತ್ತಿಸಲು ಇಟ್ಟುಕೊಂಡಿದ್ದಂತೆ. ಟೈರುಗಳು ನನ್ನ ಸೊಂಟದ ಎತ್ತರಕ್ಕಿದ್ದವು. ಹಳ್ಳಿಗಳ ಬಾವಿ, ಬೋರುಗಳಲ್ಲಿ ಎಷ್ಟು ನೀರು ಉಳಿದಿದೆ ಎಂದು ಅಳೆದು, ಟ್ಯಾಂಕರು ಎಲ್ಲಿಗೆ ಬೇಕೆಂದು ಬರೆದುಕೊಳ್ಳುವ ಒಂದು ಸರ್ವೆ ತಂಡ ಔರಾದ್ ತಾಲೂಕಿಗೆ ಬರುವುದಿತ್ತು. ರಸ್ತೆಯೇ ಇಲ್ಲದ ಪುಟ್ಟ ಹಳ್ಳಿ-ವಾಡಿಗಳಿಗೆ ಹೋಗಬಲ್ಲ ಗಾಡಿಯನ್ನು ಅವರು ಹುಡುಕುತ್ತಿದ್ದರು. ಡೀಸೆಲ್ ಜೀಪುಗಳು ಭಾರ, ಉಸುಕಿನಲ್ಲಿ ಹೂಳುತ್ತವೆ. ಇದು ಹಗುರ. ಮಾಮಾ ಸರಿಯಾಗಿಯೇ ಯೋಚಿಸಿದ್ದ.

ಗಾಡಿ ಬಂದ ದಿನವೇ ಅದರ ಎಣ್ಣೆ ಇಳಿಸಿ ತನ್ನ ಎಣ್ಣೆ ಹಾಕಿದ. ನಾನು ಅಲ್ಲೇ ನಿಂತಿದ್ದೆ. ಗಾಡಿಯ ಕೈಪಿಡಿ ನನ್ನ ಕೈಯಲ್ಲೇ ಇತ್ತು, ಅದರಲ್ಲಿ ತೆಳು ಎಣ್ಣೆ ಎಂದು ಬರೆದದ್ದನ್ನೂ ಓದಿದ್ದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಗೊತ್ತಿರುತ್ತದೆ ಎಂದುಕೊಂಡು ಕೈಪಿಡಿಯನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ.

ಗಾಡಿ ಓಡಿಸಲು ಮಾಮಾ ಗೊತ್ತು ಮಾಡಿದ್ದು ಔರಾದ್ ಕಡೆಯ ಒಬ್ಬ ಡ್ರೈವರನನ್ನು. ನಲವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ, ಆಡಿದರೆ ನೇರ. ಕುರಿ ಸಾಕುವ ಮನೆತನ. ಮೇವಿಲ್ಲದೆ ಅವನ ಅಣ್ಣ ಕುರಿಗಳನ್ನು ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. ಡ್ರೈವರನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಎಂಟನೆಯ ಇಯತ್ತೆ, ಸಣ್ಣವಳು ನಾಲ್ಕನೆಯದು. ಅವನ ಹೆಂಡತಿಯ ಅಣ್ಣ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಜನ ಕರೆದೊಯ್ಯುತ್ತಿದ್ದ, ಇವರನ್ನೂ ಕರೆದಿದ್ದ. ಮುಂದಿನ ಮಂಗಳವಾರ ಕಮಲನಗರದಿಂದ ಆ ಗುಂಪು ರೈಲು ಹತ್ತುವುದಿತ್ತು. ಸೋಮವಾರ ಸರ್ವೆಯ ಸಾಹೇಬರು ಗಾಡಿಯ ಟ್ರಯಲ್ ನೋಡುವವರಿದ್ದರು. ಗಾಡಿ ಪಾಸಾದರೆ ಡ್ರೈವರನಿಗೆ ಮಳೆ ಬರುವವರೆಗೆ ಕೆಲಸ, ಮನೆಮಂದಿ ಊರಲ್ಲೇ ಉಳಿಯುತ್ತಾರೆ, ಹುಡುಗಿಯರು ಸಾಲಿಗೆ ಹೋಗುತ್ತಾರೆ. ಪಾಸಾಗದಿದ್ದರೆ ಉದಗೀರಿನ ಇನ್ನೊಂದು ಗಾಡಿ ತಯಾರಿತ್ತು, ಇವರು ನಾಲ್ವರೂ ಪುಣೆಗೆ. ಇದಿಷ್ಟನ್ನೂ ಅವನು ಮೊದಲ ದಿನವೇ ಮಾಮಾನಿಗೆ ಹೇಳಿದ್ದ. ನಿಂತು ಕೇಳಿಸಿಕೊಂಡವಳು ನಾನು.

ಗುರುವಾರ ನಾವೇ ಗಾಡಿಯನ್ನು ಪರೀಕ್ಷಿಸಲು ಅವನ ಊರ ಕೆಳಗಿನ ಹಳ್ಳಕ್ಕೆ ಹೋದೆವು. ಮಾಮಾ, ಡ್ರೈವರ, ಹಿಂದಿನ ಸೀಟಿನಲ್ಲಿ ನಾನು. ಟಾರ್ ರಸ್ತೆಯಲ್ಲಿ ಗಾಡಿ ಹಾರಿಕೊಂಡು ಹೋಯಿತು. ಮಾಮಾ ಖುಷಿಯಿಂದ ಹಾಡಿಗೆ ತಾಳ ಹಾಕುವವನಂತೆ ಬಾಗಿಲನ್ನು ಬಡಿಯುತ್ತಿದ್ದ. ಹಳ್ಳ ಪೂರ್ತಿ ಒಣಗಿತ್ತು. ನೂರು ಹೆಜ್ಜೆಯಷ್ಟು ಅಗಲ ಉಸುಕು, ಆಚೆ ಗರಸಿನ ದಡ, ದಡದ ಮೇಲೆ ಊರು. ಉಸುಕಿಗಿಳಿದು ಅರ್ಧ ದಾಟಿದ್ದೇ ಎಂಜಿನ್ ಏದುಸಿರು ಬಿಟ್ಟಂತೆ ನಡುಗಿ ನಿಂತಿತು. ಮತ್ತೆ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದರೆ ಚಕ್ರಗಳು ಉಸುಕು ತೋಡಿಕೊಂಡು ಕೆಳಗಿಳಿದವು. ಮೂರು ಸಲ ಹೀಗಾಯಿತು. ಹೇಗೋ ಉಸುಕು ದಾಟಿದರೆ ದಡದ ಕಾಲುಭಾಗವೂ ಏರಲಿಲ್ಲ.

ಜನ ಸೇರಿದರು. ಆಡು ಕಾಯುವ ಮುದುಕಿಯೊಬ್ಬಳು ಕೋಲೂರಿ ನಿಂತು ಗಾಡಿಯನ್ನು ಸುತ್ತಲೂ ನೋಡಿದಳು.

"ಟಾಯರ್ ನೋಡಿದ್ರ ಆನಿ ಕಾಲಿನಂಗ ಅವ, ದಮ್ ನೋಡಿದ್ರ ನನ್ನಂಗ ಅದ," ಅಂದಳು.

ಎಲ್ಲರೂ ನಕ್ಕರು, ಡ್ರೈವರನೂ ನಕ್ಕ. ಅವನ ಹೆಂಡತಿ ಖಾಲಿ ಕೊಡ ಹಿಡಿದು ದಡದ ಮೇಲೆ ನಿಂತಿದ್ದಳು. ಅವಳು ನಗಲಿಲ್ಲ. ಗಂಡ ಹತ್ತಿರ ಹೋದಾಗ ನಾವು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿಯೇ ಕೇಳಿದಳು: "ಇದನ್ನ ನಂಬಿ ಕೂಡಬೇಕೇನು ನಾವು?"

ವಾಪಸು ಬರುವಾಗ ಬಾಗಿಲು ಬಡಿಯುವುದನ್ನು ಮಾಮಾ ನಿಲ್ಲಿಸಿದ್ದ. ಕ್ಲಚ್ ಜಾರುತ್ತಿದೆ ಎಂದು ಅವನ ತೀರ್ಮಾನ. ನನಗೆ ಹಾಗೆ ಅನ್ನಿಸಿರಲಿಲ್ಲ. ಕ್ಲಚ್ ಜಾರಿದರೆ ಎಂಜಿನ್ ಸುಮ್ಮನೆ ಜೋರಾಗಿ ಕೂಗುತ್ತದೆ. ಇದು ಕೂಗಿರಲಿಲ್ಲ, ಸೋತಿತ್ತು. ಟಾರಿನ ಮೇಲೆ ವೇಗವಾಗಿ ತಿರುಗುವಾಗ ಬೇಕಾದಷ್ಟು ಶಕ್ತಿ, ನಿಧಾನವಾಗಿ ತಿರುಗುತ್ತ ಎಳೆಯಬೇಕಾದಾಗ ಏನೂ ಇಲ್ಲ. ಇಂಥ ನಡತೆಯ ಒಂದು ರೇಖಾಚಿತ್ರವನ್ನು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾನೇ ಬರೆದಿದ್ದೆ.

ಅದನ್ನು ಇಲ್ಲಿ ಸರಳವಾಗಿ ಹೇಳಬೇಕು. ಎಂಜಿನ್ನಿನ ಸಿಲಿಂಡರಿಗೆ ಗಾಳಿ ಮತ್ತು ಪೆಟ್ರೋಲು ಬರಲು ಬಾಗಿಲುಗಳಿರುತ್ತವೆ, ಹೊಗೆ ಹೋಗಲು ಬೇರೆ ಬಾಗಿಲುಗಳು. ಅವೇ ವಾಲ್ವುಗಳು. ಒಳಬಾಗಿಲು ಯಾವ ಹೊತ್ತಿಗೆ ಮುಚ್ಚಬೇಕು ಎನ್ನುವುದರ ಮೇಲೆ ಎಂಜಿನ್ನಿನ ಉಸಿರು ನಿಂತಿದೆ. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬೀದರ್ ಬಸ್ಸಿಗೆ ಜನ ನುಗ್ಗುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೂಕುನುಗ್ಗಲಿನ ರಭಸ ಇದ್ದಾಗ ಬಸ್ಸು ತುಂಬಿದ ಮೇಲೂ ಬಾಗಿಲು ತೆರೆದಿಟ್ಟರೆ ಇನ್ನೂ ನಾಲ್ಕು ಜನ ಒಳಗೆ ಸೇರುತ್ತಾರೆ. ರಭಸ ಇಲ್ಲದಾಗ ಹಾಗೆ ಬಿಟ್ಟರೆ, ಒಳಗಿನವರು ಸರಿದಾಡಿದಾಗ ಬಾಗಿಲಲ್ಲಿದ್ದವರು ಹೊರಗೆ ಬೀಳುತ್ತಾರೆ. ಎಂಜಿನ್ ವೇಗವಾಗಿ ತಿರುಗುವಾಗ ಗಾಳಿಗೆ ರಭಸವಿದೆ, ಬಾಗಿಲು ತಡವಾಗಿ ಮುಚ್ಚಿದರೆ ಲಾಭ. ನಿಧಾನವಾಗಿ ತಿರುಗುವಾಗ ತಡವಾಗಿ ಮುಚ್ಚಿದರೆ ಮೇಲೇರುವ ಪಿಸ್ಟನ್ ಬಂದ ಗಾಳಿಯನ್ನೇ ಹೊರಗೆ ತಳ್ಳುತ್ತದೆ. ಆಗ ಬೇಗ ಮುಚ್ಚಬೇಕು. ಹಳೆಯ ಎಂಜಿನ್ನುಗಳಲ್ಲಿ ಈ ಹೊತ್ತು ಒಂದೇ, ಬದಲಾಗುವುದಿಲ್ಲ. ಈ ಜೀಪಿನಂಥ ಗಾಡಿಗಳಲ್ಲಿ ಅದು ಓಡುತ್ತಿರುವಾಗಲೇ ಬದಲಾಗುತ್ತದೆ. ಉಸುಕು, ಕಲ್ಲು, ಏರುಗಳಲ್ಲಿ ಅದರ ಬೆಲೆ ತಿಳಿಯುತ್ತದೆ. ಅಲ್ಲಿ ಎಂಜಿನ್ನನ್ನು ಜೋರಾಗಿ ತಿರುಗಿಸಿ ಶಕ್ತಿ ಪಡೆಯುವ ಹಾಗಿಲ್ಲ, ಚಕ್ರ ಹೂಳುತ್ತದೆ. ನಿಧಾನದಲ್ಲೇ ಎಳೆಯಬೇಕು.

ಆ ಹೊತ್ತನ್ನು ಬದಲಿಸುವುದು ಯಾವುದು? ಎಂಜಿನ್ನಿನ ಎಣ್ಣೆ. ಕಡ್ಡಿಯಷ್ಟು ಸಣ್ಣ ದಾರಿಗಳಲ್ಲಿ ಒತ್ತಡದಿಂದ ಹರಿದು, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟನ್ನು ಅದೇ ತುಸು ಮುಂದಕ್ಕೆ ತಿರುಗಿಸುತ್ತದೆ. ಎಣ್ಣೆ ಹರಿಯದಿದ್ದರೆ ಶಾಫ್ಟು ಇದ್ದಲ್ಲೇ ಇರುತ್ತದೆ, ಬಾಗಿಲು ಯಾವಾಗಲೂ ತಡವಾಗಿಯೇ ಮುಚ್ಚುತ್ತದೆ.

ಗುರುವಾರ ಸಂಜೆಯ ಹೊತ್ತಿಗೇ ಇದೆಲ್ಲ ನನ್ನ ತಲೆಯಲ್ಲಿತ್ತು. ಶುಕ್ರವಾರ ಮಾಮಾ ಮತ್ತು ಅವನ ಇಬ್ಬರು ಕೆಲಸಗಾರರು ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಿದರು. ಡ್ರೈವರ ಜ್ಯಾಕ್ ಹಿಡಿದ, ನಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದ. ನಾನು ಚಹಾ ತಂದುಕೊಟ್ಟೆ. ಸಂಜೆ ಊರ ಹೊರಗೆ ಉಸುಕಿರುವ ಒಂದು ಜಾಗಕ್ಕೆ ಹೋಗಿ ನೋಡಿದರೆ ಅದೇ ಕಥೆ. ಮಾಮಾ ಗಾಡಿಯಿಂದಿಳಿದು ದೂರ ಹೋಗಿ ನಿಂತ. ಆಗ ಹೇಳಬಹುದಿತ್ತು. ಕೆಲಸಗಾರರು ಇದ್ದರು. ಭಾಲ್ಕಿಯ ಅರ್ಧ ಡ್ರೈವರುಗಳು ಯಾವ ಎಣ್ಣೆಗಾಗಿ ಬರುತ್ತಾರೋ ಆ ಎಣ್ಣೆಯೇ ಗಾಡಿಯ ಕುತ್ತಿಗೆ ಹಿಸುಕಿದೆ ಎಂದು ಅವರೆದುರು ಹೇಗೆ ಹೇಳಲಿ? ಅದಕ್ಕಿಂತ ದೊಡ್ಡ ಕಾರಣ, ನನಗೆ ಖಾತ್ರಿ ಇರಲಿಲ್ಲ. ಅಳೆಯದೆ ಏನನ್ನೂ ಹೇಳಬಾರದು ಎಂದು ಕಲಿತವಳು ನಾನು. ಹಾಗೆ ಕಲಿಸಿದವರ ತಪ್ಪೇನೂ ಇಲ್ಲ.

ಶನಿವಾರ ಬೆಳಿಗ್ಗೆ ಅವ್ವನನ್ನು ನೋಡಿಬರುತ್ತೇನೆ ಎಂದು ಹೇಳಿ ಬೀದರಿನ ಬಸ್ಸು ಹತ್ತಿದೆ. ಮನೆಗೆ ಹೋಗಲಿಲ್ಲ. ಕಾಲೇಜಿನ ಲ್ಯಾಬಿಗೆ ಹೋದೆ. ಎಂಜಿನ್ನಿನ ಕಂಪ್ಯೂಟರಿಗೆ ಜೋಡಿಸಿದರೆ ಒಳಗೆ ನಡೆಯುವುದನ್ನು ತೋರಿಸುವ ಒಂದು ಸ್ಕ್ಯಾನರ್ ಅಲ್ಲಿತ್ತು. ಲ್ಯಾಬಿನ ಅಟೆಂಡರ್ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟು, ಸೋಮವಾರ ಲ್ಯಾಬ್ ತೆರೆಯುವ ಮುಂಚೆ ಕಪಾಟಿನಲ್ಲಿರಬೇಕು, ಇಲ್ಲದಿದ್ದರೆ ತಾನು ಈ ವಯಸ್ಸಿನಲ್ಲಿ ಬೈಸಿಕೊಳ್ಳಬೇಕಾಗುತ್ತದೆ ಎಂದರು. ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಕೈಪಿಡಿಯಲ್ಲಿ ಬರೆದಿದ್ದ ತೆಳು ಎಣ್ಣೆಯ ಒಂದು ಡಬ್ಬಿ ಕೊಂಡೆ. ಅದನ್ನು ಚೀಲದ ತಳದಲ್ಲಿಟ್ಟು ಮೇಲೆ ಓಢಣಿ ಹಾಕಿದೆ. ಎಣ್ಣೆ ಕೊಳ್ಳುವಷ್ಟು ಖಾತ್ರಿ ಇತ್ತು, ಹೇಳುವಷ್ಟು ಇರಲಿಲ್ಲ. ಇದನ್ನು ಆಗ ಹೀಗೆ ವಾಕ್ಯ ಮಾಡಿ ಯೋಚಿಸಿರಲಿಲ್ಲ.

ಭಾಲ್ಕಿಗೆ ಮರಳಿದಾಗ ನಾಲ್ಕು ಗಂಟೆ ದಾಟಿತ್ತು. ಮಾಮಾ ನಿಂತುಹೋದ ಟ್ರ್ಯಾಕ್ಟರ್ ಒಂದನ್ನು ನೋಡಲು ಹಲಬರ್ಗಾ ಕಡೆ ಹೋಗಿದ್ದ. ಕೆಲಸಗಾರರೂ ಹೋಗಿದ್ದರು. ಡ್ರೈವರ ಒಬ್ಬನೇ ಹಳೆಯ ಟೈರಿನ ಮೇಲೆ ಕೂತಿದ್ದ. ಅವನಿಗೆ ಕೇಳಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸಿದೆ. ಆಗಲೇ ಕಂಡದ್ದು: ಮೀಟರುಗಳ ನಡುವೆ, ಎಂಜಿನ್ನಿನಲ್ಲಿ ಏನೋ ಸರಿಯಿಲ್ಲ ಎಂದು ಹಳದಿ ದೀಪ ಹೊತ್ತಬೇಕಾದ ಜಾಗದಲ್ಲಿ ಒಂದು ಕಪ್ಪು ಟಿಕಳಿ ಅಂಟಿಸಿತ್ತು, ಹೆಂಗಸರು ಹಣೆಗೆ ಇಡುವಂಥದ್ದು. ಉಗುರಿನಿಂದ ಕಿತ್ತರೆ ಕೆಳಗೆ ದೀಪ ಉರಿಯುತ್ತಿತ್ತು.

"ನಾನೇ ಹಚ್ಚೇನ್ರಿ," ಅಂದ ಡ್ರೈವರ. "ಸುಮ್ನ ಕಣ್ಣಾಗ ಚುಚ್ಚತಿತ್ತು. ಉಸ್ತಾದಗ ಕೇಳಿದ್ರ ಹೊಸಾ ಗಾಡಿ ನಖರಾ ಅದು ಅಂದ್ರು."

ಗಾಡಿಯನ್ನು ಅವನು ನಿಂತಲ್ಲೇ ಚಾಲೂ ಮಾಡಿದ. ಆಮೇಲೆ ಹಿಂದಿನ ಬಯಲಿಗೆ ಒಯ್ದು ಗೇರಿನಲ್ಲಿ ನಿಧಾನಕ್ಕೆ ಎಳೆಸಿದ, ನಾನು ಪಕ್ಕದಲ್ಲಿ ಕೂತು ಅಂಕಿ ನೋಡಿದೆ. ಕಂಪ್ಯೂಟರು ಶಾಫ್ಟಿಗೆ ಇಷ್ಟು ಮುಂದೆ ತಿರುಗು ಎಂದು ಕೇಳುತ್ತಿತ್ತು, ಆ ಸಂಖ್ಯೆ ಏರುತ್ತ ಹೋಯಿತು. ಶಾಫ್ಟು ನಿಜವಾಗಿ ತಿರುಗಿದ್ದು ಎಷ್ಟು ಎನ್ನುವ ಸಂಖ್ಯೆ ಸೊನ್ನೆಯಲ್ಲೇ ನಿಂತಿತ್ತು. ಐದು ಸಲ ಬರೆದುಕೊಂಡೆ. ಐದೂ ಸಲ ಅದೇ.

ಎಂಜಿನ್ ಬಂದ್ ಮಾಡಿ ಅವನು ನನ್ನ ಕಡೆ ತಿರುಗಿದ. ಗುಂಪು ಹೊರಡುವುದು ಮಂಗಳವಾರ ಅಲ್ಲ, ನಾಳೆ ಬೆಳಿಗ್ಗೆಯೇ ಎಂದು ಮಧ್ಯಾಹ್ನ ಫೋನ್ ಬಂದಿತ್ತಂತೆ. ಹೆಂಡತಿ ಪಾತ್ರೆಗಳನ್ನು ಗಂಟು ಕಟ್ಟಿದ್ದಾಳೆ. ಗಾಡಿ ಸರಿಯಾಗುತ್ತದೆ ಎಂದು ಖಾತ್ರಿಯಾಗಿ ಒಂದು ಮಾತು ಹೇಳಿದರೆ ಬಿಚ್ಚುತ್ತೇನೆ ಅಂದಿದ್ದಾಳೆ.

"ನಿಮಗ ಗೊತ್ತಾಗ್ಯಾದ ತಂಗೆವ್ವ. ಮಾರಿ ನೋಡಿದ್ರ ತಿಳೀತದ. ಹೇಳ್ರಿ."

ನಾನು ಹೇಳಿದೆ, ನಾಲ್ಕು ಕಾರಣ ಇರಬಹುದು ಎಂದು. ಎಣ್ಣೆ ಹರಿಯದೆ ಇರಬಹುದು. ವೈರು ಕಡಿದಿರಬಹುದು. ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಟೈಮಿಂಗ್ ಚೈನು ಸಡಿಲಾಗಿರಬಹುದು, ಹಾಗಿದ್ದರೆ ದೊಡ್ಡ ಕೆಲಸ. ಎಣ್ಣೆಯ ದಾರಿಯಲ್ಲಿರುವ ಬೇರೊಂದು ಸಣ್ಣ ವಾಲ್ವು ಬಿಚ್ಚಿ ನೋಡಿದರೆ ತಿಳಿಯುತ್ತದೆ, ಅದಕ್ಕೆ ಮಾಮಾ ಬರಬೇಕು.

"ನೂರಕ್ಕ ನೂರು ಈಗ ಹೇಳಾಕ ಬರಂಗಿಲ್ರಿ," ಅಂದೆ.

"ನೂರು ಯಾರ ಕೇಳ್ಯಾರ್ರಿ? ಗಂಟು ಬಿಚ್ಚಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಆ ವಾಲ್ವು ಬಿಚ್ಚಲು ಹತ್ತು ನಂಬರಿನ ಒಂದು ಪಾನಾ ಸಾಕಿತ್ತು. ಪಾನಾಗಳೆಲ್ಲ ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದವು. ಮಾಮಾ ಇಲ್ಲದಾಗ ಅವನ ಪಾನಾ ಮುಟ್ಟುವುದು ನನ್ನಿಂದ ಆಗಲಿಲ್ಲ. ಅವನು ಹಾಕಿದ ಎಣ್ಣೆಯ ಮಾತನ್ನು ಅವನಿಗಿಂತ ಮೊದಲು ಅವನ ಡ್ರೈವರನಿಗೆ ಹೇಳುವುದೂ ಆಗಲಿಲ್ಲ.

"ನಾಳಿ ಹೇಳ್ತೇನಿ," ಅಂದೆ.

ಅವನು ತಲೆಯಾಡಿಸಿ ಸಂಜೆಯ ಬಸ್ಸಿಗೆ ಊರಿಗೆ ಹೋದ.

ಭಾನುವಾರ ಬೆಳಿಗ್ಗೆ ಮಾಮಾ ಹಲ್ಲುಜ್ಜುತ್ತಿರುವಾಗಲೇ ಅಂಕಿ ಬರೆದ ಹಾಳೆಯನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ಓದಲಿಲ್ಲ, ನನ್ನ ಮುಖ ನೋಡಿದ. ಏನು ಬಿಚ್ಚಬೇಕು ಅಂತ ಕೇಳಿದ. ಬಾನೆಟ್ ಎತ್ತಿ ತೋರಿಸಿದೆ. ಕಿರುಬೆರಳಿನಷ್ಟು ದಪ್ಪದ ಆ ವಾಲ್ವನ್ನು ಅವನೇ ಹೊರಗೆಳೆದ. ಅದರ ಬಾಯಿಗೆ ಚಹಾ ಸೋಸುವ ಜಾಲರಿಗಿಂತ ಸಣ್ಣ ಕಣ್ಣುಗಳ ಒಂದು ಜಾಲರಿ ಇರುತ್ತದೆ. ಅದು ಕಪ್ಪು ಜಿಗುಟಿನಿಂದ ಪೂರ್ತಿ ಮುಚ್ಚಿತ್ತು. ಮಾಮಾ ಆ ಜಿಗುಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದ, ಮೂಸಿದ. ತನ್ನ ಔಷಧವನ್ನು ವಾಸನೆಯಿಂದ ಗುರುತಿಸದವನಲ್ಲ ಅವನು.

"ನಂದೇ ಇದು," ಅಂದ. ಬೆರಳು ಒರೆಸಿಕೊಂಡು, "ಯಾವಾಗಿಂದ ಗೊತ್ತು ನಿನಗ?" ಅಂದ.

ಗುರುವಾರದಿಂದ ಅನುಮಾನ ಇತ್ತು ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಲರಿಯನ್ನು ಪೆಟ್ರೋಲಿನಲ್ಲಿ ತಾನೇ ತೊಳೆದ. ಎಣ್ಣೆ ಇಳಿಸಲು ಗಾಡಿಯ ಕೆಳಗೆ ತೊಟ್ಟಿ ತಳ್ಳಿದ. ಇವತ್ತು ಭಾನುವಾರ, ತೆಳು ಎಣ್ಣೆ ಎಲ್ಲಿಂದ ತರುವುದು ಎಂದು ತನಗೆ ತಾನೇ ಅಂದುಕೊಂಡ.

ಅಷ್ಟರಲ್ಲಿ ಡ್ರೈವರ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಒಳಗೆ ಹೋಗಿ ಚೀಲದಿಂದ ಡಬ್ಬಿ ತಂದು ನೆಲದ ಮೇಲಿಟ್ಟೆ. ಡ್ರೈವರ ಡಬ್ಬಿಯನ್ನು ನೋಡಿದ, ಅದರ ಮೇಲೆ ಅಂಟಿಸಿದ್ದ ಬೀದರಿನ ಅಂಗಡಿಯ ಚೀಟಿಯನ್ನು ನೋಡಿದ.

"ನಿನ್ನೆನೇ ತಂದಿದ್ರೇನ್ರಿ?"

"ಹೌದ್ರಿ."

"ಅವರು ಹೋದ್ರು," ಅಂದ. "ಮುಂಜಾನಿ ಕಮಲನಗರಕ್ಕ ಬಿಟ್ಟು ಬಂದೆ. ನೀನು ಟ್ರಯಲ್ ಮುಗಿಸಿ ಬಾ ಅಂದಾಳ."

ಅಂಗಿಯ ತೋಳು ಮಡಚಿ ಗಾಡಿಯ ಕೆಳಗೆ ನುಸುಳಿ ಎಣ್ಣೆಯ ಬೋಲ್ಟು ಬಿಚ್ಚಿದ. ಕಪ್ಪು ಎಣ್ಣೆ ದಪ್ಪ ಹಗ್ಗದಂತೆ ತೊಟ್ಟಿಗೆ ಇಳಿಯುವುದಕ್ಕೆ ಎಷ್ಟೋ ಹೊತ್ತು ಹಿಡಿಯಿತು. ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಮೊದಲು ಒಂದಿಷ್ಟು ತೆಳು ಎಣ್ಣೆ ಹಾಕಿ, ಎಂಜಿನ್ ಓಡಿಸಿ, ಅದನ್ನೂ ಇಳಿಸಿ, ಉಳಿದದ್ದನ್ನು ಹಾಕಬೇಕೆಂದು ನಾನು ಹೇಳಿದೆ. ಮಾಮಾ ನಾನು ಹೇಳಿದಂತೆಯೇ ಮಾಡಿದ. ಒಂದು ಡಬ್ಬಿ ಸಾಲದ್ದಕ್ಕೆ ಪರಿಚಯದ ಒಬ್ಬ ಅಂಗಡಿಯವರ ಮನೆಗೇ ಹೋಗಿ, ಬಾಗಿಲು ತೆರೆಸಿ, ಅಂಥದ್ದೇ ಇನ್ನಷ್ಟು ತಂದ. ಸ್ಕ್ಯಾನರ್ ಜೋಡಿಸಿದಾಗ ಎರಡು ಸಂಖ್ಯೆಗಳೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ನಾನು ಅದನ್ನು ಡ್ರೈವರನಿಗೆ ತೋರಿಸಲು ಹೋಗಲಿಲ್ಲ.

ಮಧ್ಯಾಹ್ನ ಅದೇ ಹಳ್ಳಕ್ಕೆ ಹೋದೆವು. ಉಸುಕಿನಲ್ಲಿ ಗಾಡಿ ಕೂಗಲಿಲ್ಲ, ನಡುಗಲಿಲ್ಲ. ಭಾರ ಹೊತ್ತ ಎತ್ತು ತಲೆ ತಗ್ಗಿಸಿ ನಡೆಯುವಂತೆ ದಾಟಿತು. ಗರಸಿನ ದಡವನ್ನು ಒಂದೇ ಉಸಿರಿಗೆ ಏರಿತು. ಮೇಲೆ ನಿಲ್ಲಿಸಿ ಡ್ರೈವರ ಇಳಿದ, ಮತ್ತೆ ಹತ್ತಿದ. ಕೆಳಗಿಳಿಸಿ ಇನ್ನೊಮ್ಮೆ ಏರಿಸಿದ. ಮೂರನೆಯ ಸಲವೂ. ಮಾಮಾ ಸಾಕು ಅಂದ. ಆಡು ಕಾಯುವ ಮುದುಕಿ ಇವತ್ತೂ ಇದ್ದಳು, ಏನೋ ಅಂದಳು, ನನಗೆ ಕೇಳಿಸಲಿಲ್ಲ. ಅವನ ಮನೆಯ ಬಾಗಿಲಿಗೆ ಬೀಗ ಹಾಕಿದ್ದು ದಡದಿಂದಲೇ ಕಾಣುತ್ತಿತ್ತು.

ಸೋಮವಾರ ನಸುಕಿನ ಮೊದಲ ಬಸ್ಸಿಗೆ ಬೀದರಿಗೆ ಹೋಗಿ ಸ್ಕ್ಯಾನರ್ ಕೊಟ್ಟೆ. ಹಾಗಾಗಿ ಟ್ರಯಲ್ ನಾನು ನೋಡಲಿಲ್ಲ. ಸಾಹೇಬರು ಐದು ನಿಮಿಷವೂ ನೋಡಲಿಲ್ಲ, ಸರಿ ಅಂದು ಮುಂದಿನ ವಾಡಿಯ ದಾರಿ ಕೇಳಿದರು ಎಂದು ಮಾಮಾ ಆಮೇಲೆ ಹೇಳಿದ.

ಆ ವಾರದಿಂದ ಡ್ರೈವರ ಗ್ಯಾರೇಜಿನಲ್ಲೇ ಮಲಗತೊಡಗಿದ. ಬೆಳಿಗ್ಗೆ ಸರ್ವೆಯವರನ್ನು ಕರೆದುಕೊಂಡು ಹೋದರೆ ಸಂಜೆ ಬರುತ್ತಿದ್ದ. ಎಲ್ಲೆಲ್ಲಿ ಬಾವಿ ಬತ್ತಿದೆ, ಎಲ್ಲಿ ಜನ ಹೊರಟುಹೋಗಿದ್ದಾರೆ ಎಂದು ಮಾಮಾನಿಗೆ ಹೇಳುತ್ತಿದ್ದ. ನನ್ನ ಜೊತೆ ಮೊದಲಿನಂತೆಯೇ ಗೌರವದಿಂದ ಮಾತಾಡುತ್ತಿದ್ದ, ಬೇಕಾದಷ್ಟೇ. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಶನಿವಾರವೇ ಹೇಳಿದ್ದರೂ ಅವನ ಹೆಂಡತಿ ನಂಬುತ್ತಿದ್ದಳೋ ಇಲ್ಲವೋ ಎಂದು ಒಮ್ಮೆ ಅನ್ನಿಸುತ್ತಿತ್ತು. ಅದು ಚೈನಿನ ತೊಂದರೆಯೇ ಆಗಿದ್ದರೆ ನನ್ನ ಮಾತು ನಂಬಿ ಅವರು ಎರಡೂ ಕಡೆ ಕೆಡುತ್ತಿದ್ದರು ಎಂದು ಇನ್ನೊಮ್ಮೆ. ಎರಡೂ ಸರಿಯಾದ ವಾದಗಳೇ. ಗ್ಯಾರೇಜಿನಿಂದ ಬೋರಿಗೆ, ಬೋರಿನಿಂದ ಗ್ಯಾರೇಜಿಗೆ ನಡೆಯುತ್ತ ಎರಡನ್ನೂ ದಿನವಿಡೀ ನನಗೇ ಹೇಳಿಕೊಳ್ಳುತ್ತಿದ್ದೆ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಅವನು ಫೋನನ್ನು ನನ್ನ ಕೈಗೆ ಕೊಟ್ಟ. ಹೆಂಡತಿ ನನ್ನ ಬಾಯಿಂದಲೇ ಕೇಳಬೇಕು ಅಂತಾಳೆ ಎಂದ. ಅವಳ ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು ಇತ್ತು.

"ಗಾಡಿ ಮಳಿಗಾಲದ ತನಕ ನಿಲ್ಲತದೇನ್ರಿ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ.

ಆ ಗಾಡಿಯ ಚೈನು ಎಷ್ಟು ಸವೆದಿದೆ ಎಂದು ನಾನು ತೆಗೆದು ನೋಡಿರಲಿಲ್ಲ. ಜಿಗುಟಿನ ಚೂರು ಇನ್ನೆಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಿರಲಿಲ್ಲ. 

"ನಿಲ್ಲತದ್ರಿ," ಅಂದೆ. "ಬರ್ರಿ."

ಮುಂದಿನ ವಾರ ಅವಳು ಬಂದಳು. ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದು ನೇರ ಗ್ಯಾರೇಜಿಗೇ ನಡೆದು ಬಂದಳು, ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಸಣ್ಣ ಮಗಳು. ದೊಡ್ಡವಳು ಬಂದಿರಲಿಲ್ಲ. ಪುಣೆಯ ಸೋದರಮಾವನ ಹೆಂಡತಿ ಬಸುರಿ, ಅಡಿಗೆಗೆ ಒಬ್ಬರು ಬೇಕಿತ್ತು. ಅಲ್ಲಿಯ ಸಾಲಿಗೆ ಹಚ್ಚುತ್ತೇವೆ ಎಂದು ಅವರು ಹೇಳಿದ್ದರು. ಹುಡುಗಿಗೆ ಮರಾಠಿ ಮೊದಲೇ ಬರುತ್ತಿತ್ತು, ತಾನೇ ಇರುತ್ತೇನೆ ಅಂದಳಂತೆ. ತಾಯಿ ಇದನ್ನೆಲ್ಲ ಗಂಡನಿಗೆ ಹೇಳಿದಳು, ಅವನು ಕೇಳಿಸಿಕೊಂಡ. ಸಣ್ಣವಳು ಜೀಪಿನ ಟೈರಿನ ಪಕ್ಕ ನಿಂತು ತನ್ನ ಎತ್ತರ ಅಳೆದುಕೊಂಡಳು.

ಪುಣೆಯ ಸಾಲಿಗೆ ಇಲ್ಲಿಯ ಸಾಲಿಯಿಂದ ಟೀಸಿ ಬೇಕಿತ್ತು. ಅರ್ಜಿ ಬರೆದುಕೊಡಲು ಡ್ರೈವರ ನನಗೆ ಕೇಳಿದ. ಒಂದು ಶನಿವಾರ ಅವನ ಜೊತೆ ಅದೇ ಜೀಪಿನಲ್ಲಿ ಹಳ್ಳ ದಾಟಿ ಅವನೂರಿನ ಸಾಲಿಗೆ ಹೋದೆ. ಹೆಡ್‌ಮಾಸ್ತರರು ಒಂದು ಫಾರಂ ಕೊಟ್ಟರು. ಹುಡುಗಿಯ ಹುಟ್ಟಿದ ದಿನ, ಇಯತ್ತೆ, ಓದಿದ ಭಾಷೆ ಎಲ್ಲ ತುಂಬಿದೆ. ಸಾಲಿ ಬಿಡಲು ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ತಂದೆ ಊರಲ್ಲೇ ಇದ್ದ, ಕೆಲಸವಿತ್ತು. ತಾಯಿ ಮರಳಿದ್ದಳು. ಡ್ರೈವರ ಹೊರಗೆ ಬೇವಿನ ಮರದ ಕೆಳಗೆ ಗಾಡಿಯ ಗಾಜು ಒರೆಸುತ್ತಿದ್ದ.

"ವಲಸೆ ಅಂತ ಬರೀರಿ," ಅಂದರು ಹೆಡ್‌ಮಾಸ್ತರರು. "ಈ ವರ್ಷ ಎಲ್ಲಾರೂ ಅದನ್ನೇ ಬರೀಲಾಕ್ಹತ್ಯಾರ."

ಅವರು ಮೇಜಿನ ಮೇಲಿದ್ದ ಅಂಥ ಫಾರಂಗಳ ರಾಶಿಯ ಮೇಲೆ ಇದನ್ನೂ ಇಡಲು ಕೈ ಚಾಚಿ ಕಾಯುತ್ತಿದ್ದರು. ನಾನು ವಲಸೆ ಎಂದು ಬರೆದು ಕೊಟ್ಟೆ.